ಮಾತ್ರೆ ಪಟ್ಟಿಯ ಮೂರನೆಯ ಹೆಸರು: ಹೊಟ್ಟೆ ಉಬ್ಬರದ ಒಂದು ಪ್ರಕರಣ

ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ 52 ವರ್ಷದ ಶಿಕ್ಷಕಿಯೊಬ್ಬರು ನಾನು ಆಹಾರ ಸಲಹೆ ನೀಡುವ ಕ್ಲಿನಿಕ್ಕಿಗೆ ಬಂದು ಕುಳಿತವರೇ, "ಮೇಡಂ, ಒಂದು ವರ್ಷದಿಂದ ವಿಪರೀತ ಗ್ಯಾಸ್ಟ್ರಿಕ್ ನನಗೆ" ಎಂದರು. ನಮ್ಮ ಕಡೆ ಈ ಒಂದು ಪದದಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ಮಲಬದ್ಧತೆ, ಬೆನ್ನಿನ ಸೆಳೆತ ಎಲ್ಲವೂ ಅಡಗಿರುತ್ತವೆ. ಕೆಲವೊಮ್ಮೆ ಹೃದಯದ ನೋವೂ ಅಡಗಿರುತ್ತದೆ. ಆದ್ದರಿಂದ ಆ ಪದ ಕಿವಿಗೆ ಬಿದ್ದಾಗಲೆಲ್ಲ, ಎಲ್ಲಿ, ಯಾವಾಗ, ಏನಾಗುತ್ತದೆ ಎಂದು ಬಿಡಿಸಿ ಕೇಳುವುದು ನನ್ನ ರೂಢಿ. ಬಿಡಿಸಿ ಹೇಳಲು ಅವರಿಗೆ ಕಾಲು ಗಂಟೆ ಬೇಕಾಯಿತು. ಜೊತೆಗೆ ಬಂದಿದ್ದ ಯಜಮಾನರನ್ನು "ನೀವು ಸ್ವಲ್ಪ ಹೊರಗೆ ಕೂತಿರಿ" ಎಂದು ಕಳಿಸಿದ ಮೇಲೆ ದನಿ ತಗ್ಗಿಸಿ, "ಗಾಳಿ ಹೋಗೋದು ಮೇಡಂ. ತಡ್ಕೊಳ್ಳೋಕೇ ಆಗಲ್ಲ" ಎಂದರು.

ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗ ಮಕ್ಕಳಿಗೆ ಬೆನ್ನು ತಿರುಗಿಸಲೇಬೇಕು. ಒಮ್ಮೆ ಹಾಗೆ ತಿರುಗಿ ಭಾಗಾಕಾರ ಬರೆಯುತ್ತಿದ್ದಾಗ ಸದ್ದಾಯಿತು, ಮೂರನೇ ತರಗತಿಯ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಂದಿನಿಂದ ಅವರು ಮಧ್ಯಾಹ್ನದ ತರಗತಿಗಳನ್ನೆಲ್ಲ ಹೊರಗೆ ಹೊಂಗೆ ಮರದ ಕೆಳಗೆ ನಡೆಸತೊಡಗಿದ್ದರು. ಶಾಲೆಯಲ್ಲಿ ಊಟ ಬಿಟ್ಟಿದ್ದರು, ಮದುವೆಮನೆಗಳಿಗೆ ಹೋದರೆ ಹಿಂದಿನ ಸಾಲಿನ ಕುರ್ಚಿ ಹಿಡಿಯುತ್ತಿದ್ದರು. ಸಂಜೆಯ ಹೊತ್ತಿಗೆ ಹೊಟ್ಟೆ ತಮಟೆಯಂತೆ ಬಿಗಿದು ಸೀರೆಯ ಗಂಟು ಸಡಿಲಿಸಿಕೊಳ್ಳಬೇಕಾಗುತ್ತಿತ್ತು. ಬೆಳಿಗ್ಗೆ ಏಳುವಾಗ ಅದು ಮಾಮೂಲಿಗೆ ಇಳಿದಿರುತ್ತಿತ್ತು. ಗುರುತು ಸಿಗಬಾರದೆಂದು ಊರು ಮತ್ತು ಶಾಲೆಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.

ಅವರಿಗೆ ಆರು ವರ್ಷಗಳಿಂದ ಮಧುಮೇಹವಿತ್ತು. ಸಸ್ಯಾಹಾರಿ, ತೂಕ 64 ಕಿಲೋ. ತೂಕ ಇಳಿದಿರಲಿಲ್ಲ, ಮಲದಲ್ಲಿ ರಕ್ತ ಕಂಡಿರಲಿಲ್ಲ, ನಿದ್ದೆಯಿಂದ ಎಬ್ಬಿಸುವಂಥ ಹೊಟ್ಟೆನೋವಿರಲಿಲ್ಲ, ಮನೆತನದಲ್ಲಿ ಯಾರಿಗೂ ಕರುಳಿನ ಕ್ಯಾನ್ಸರ್ ಆಗಿರಲಿಲ್ಲ. ಈ ನಾಲ್ಕರಲ್ಲಿ ಒಂದಿದ್ದರೂ ಆಹಾರದ ಮಾತನ್ನು ಪಕ್ಕಕ್ಕಿಟ್ಟು ಮೊದಲು ತಜ್ಞ ವೈದ್ಯರ ಬಳಿ ಕಳಿಸಬೇಕಾಗುತ್ತದೆ. ಇಷ್ಟಾದರೂ 50 ದಾಟಿದ ಹೆಂಗಸರಲ್ಲಿ ಹೊಸದಾಗಿ ಶುರುವಾಗಿ ಬಿಡದೆ ಕಾಡುವ ಹೊಟ್ಟೆ ಉಬ್ಬರವನ್ನು ಬರೀ ಗ್ಯಾಸ್ ಎಂದು ತಳ್ಳಿಹಾಕಬಾರದು, ಏಕೆಂದರೆ ಅಂಡಾಶಯದ ಕ್ಯಾನ್ಸರ್ ಮೊದಮೊದಲು ತೋರಿಸಿಕೊಳ್ಳುವುದು ಹೀಗೆಯೇ. ನಮ್ಮ ಕ್ಲಿನಿಕ್ಕಿನ ವೈದ್ಯರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು, ಥೈರಾಯ್ಡ್ ಮತ್ತು ರಕ್ತದ ಪ್ರಮಾಣ ನೋಡಿದರು. ಎಲ್ಲವೂ ಸರಿಯಾಗಿತ್ತು. ನಾಲ್ಕು ತಿಂಗಳ ಹಿಂದೆ ಒಂದು ರಾತ್ರಿ ಎದೆ ಹಿಡಿದಂತಾಗಿ, ನೀರಿಗೆ ಹಾಕಿದರೆ ನೊರೆಯೇಳುವ ಸೋಡಾ ಪುಡಿ ಕುಡಿದು ಮಲಗಿಬಿಟ್ಟಿದ್ದರಂತೆ. ಇದನ್ನು ಕೇಳಿದಾಗ ನನಗೆ ಸ್ವಲ್ಪ ಗಾಬರಿಯೇ ಆಯಿತು. ಮಧುಮೇಹಿಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೃದಯಾಘಾತ ತೀವ್ರ ಎದೆನೋವಿಲ್ಲದೆ ಬರೀ ಹೊಟ್ಟೆ ತೊಳಸಿದಂತೆ, ಎದೆ ಭಾರವಾದಂತೆ ಬರುವುದುಂಟು. ಸೋಡಾ ಕುಡಿದು ತೇಗು ಬಂದು ಹಗುರವಾಯಿತೆಂದ ಮಾತ್ರಕ್ಕೆ ಅದು ಗ್ಯಾಸ್ ಆಗಿತ್ತು ಎಂದಾಗುವುದಿಲ್ಲ. ಆ ಪುಡಿಯೇ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಬರುವ ತೇಗು ಅದರದ್ದೇ. ಇಸಿಜಿ ಮಾಡಿಸಲಾಯಿತು, ತೊಂದರೆ ಕಾಣಲಿಲ್ಲ.

ಈ ಒಂದು ವರ್ಷದಲ್ಲಿ ಅವರು ಮಾಡಿದ್ದ ಉಪಚಾರಗಳು ಕಡಿಮೆಯೇನಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪ್ಯಾಂಟೊಪ್ರಜೋಲ್ ಮಾತ್ರೆ, ಊಟವಾದ ಮೇಲೆ ಎರಡು ಚಮಚ ಜೀರ್ಣಕಾರಕ ಸಿರಪ್, ರಾತ್ರಿ ಓಂಕಾಳಿನ ಕಷಾಯ. ಅದಕ್ಕೂ ಮೊದಲಿನಿಂದಲೇ ಊಟವನ್ನೂ "ಸುಧಾರಿಸಿ"ಕೊಂಡಿದ್ದರು: ಅನ್ನ ಬಿಟ್ಟು ಮುದ್ದೆ ಮತ್ತು ಚಪಾತಿ, ಬೆಳಿಗ್ಗೆ ಒಂದು ದೊಡ್ಡ ಬಟ್ಟಲು ಮೊಳಕೆ ಹೆಸರುಕಾಳಿಗೆ ಹಸಿ ಈರುಳ್ಳಿ ಹೆಚ್ಚಿ ಹಾಕಿ, ಮೂಳೆ ಗಟ್ಟಿಯಾಗಲೆಂದು ಬೆಳಿಗ್ಗೆ ಹಾಲಿನಲ್ಲಿ ಕಲಸಿದ ರಾಗಿ ಮಾಲ್ಟ್, ರಾತ್ರಿ ಅರಿಸಿನ ಹಾಕಿದ ಹಾಲು, ಸಂಜೆ ಕಾಫಿಗೆ ನೆಂಚಿಕೊಳ್ಳಲು ಸಕ್ಕರೆ ಇಲ್ಲದ ಬಿಸ್ಕತ್ತು. ಯಾವುದನ್ನೂ ಬೇಜವಾಬ್ದಾರಿಯಿಂದ ಮಾಡಿದ್ದಲ್ಲ. ಒಂದೊಂದನ್ನೂ ಯಾರೋ ತಿಳಿದವರು ಒಳ್ಳೆಯದೆಂದು ಹೇಳಿದ್ದರು, ಬಿಡಿಬಿಡಿಯಾಗಿ ನೋಡಿದರೆ ಅವು ಒಳ್ಳೆಯವೇ.

ಇಲ್ಲಿ ಕರುಳಿನ ಗಾಳಿಯ ಲೆಕ್ಕವನ್ನು ಸ್ವಲ್ಪ ಹೇಳಬೇಕು. ಆರೋಗ್ಯವಂತರೂ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಅಪಾನವಾಯು ಬಿಡುತ್ತಾರೆ. 10ರಿಂದ 20 ಸಲ ಹೋಗುವುದು ಸಹಜ. ಅದರಲ್ಲಿ ನುಂಗಿದ ಗಾಳಿಯ ಪಾಲೂ ಇರುತ್ತದೆ. ಆದರೆ ಕಾಟ ಕೊಡುವ ಪಾಲು ಹುಟ್ಟುವುದು ದೊಡ್ಡ ಕರುಳಿನಲ್ಲಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಜಾರಿಬಂದ ಸಕ್ಕರೆ, ಪಿಷ್ಟ, ನಾರುಗಳನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುಳಿಸುವಾಗ. ದೋಸೆ ಹಿಟ್ಟು ರಾತ್ರಿಯಿಡೀ ಪಾತ್ರೆಯಲ್ಲಿ ಉಬ್ಬಿ ಬರುವುದೂ ಇದೇ ಬಗೆಯ ಕೆಲಸ. ಹುಟ್ಟುವ ಜಲಜನಕ, ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳಿಗೆ ವಾಸನೆಯಿಲ್ಲ. ನಾತ ಬರುವುದು ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳಿಂದ. ಪ್ಯಾಂಟೊಪ್ರಜೋಲ್ ಜಠರದ ಆಮ್ಲವನ್ನು ತಗ್ಗಿಸುವ ಔಷಧ. ದೊಡ್ಡ ಕರುಳಿನಲ್ಲಿ ಹುಳಿಯುತ್ತಿರುವ ಹಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಗ್ಯಾಸ್ಟ್ರಿಕ್ ಎಂದೇ ಕರೆಯುವುದರಿಂದ ಮಾತ್ರ ಈ ಮಾತ್ರೆ ಆ ಕಾಯಿಲೆಗೆ ಸಿಗುತ್ತದೆ.

ಒಂದು ವಾರ ಏನು ತಿಂದಿರಿ, ಎಷ್ಟು ಸಲ ಗಾಳಿ ಹೋಯಿತು ಎಂದು ಬರೆದು ತನ್ನಿ ಎಂದೆ. ಇದು ನನ್ನ ಸ್ವಂತ ಉಪಾಯವಲ್ಲ. 1976ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ವೈದ್ಯ ಮೈಕೆಲ್ ಲೆವಿಟ್ ಮತ್ತು ಸಂಗಡಿಗರು, ತನ್ನ ಅಪಾನವಾಯುವಿನ ಲೆಕ್ಕವನ್ನು ತಾನೇ ಶ್ರದ್ಧೆಯಿಂದ ಬರೆದಿಟ್ಟಿದ್ದ ಒಬ್ಬ ರೋಗಿಯ ಪ್ರಕರಣವನ್ನು ಪ್ರಕಟಿಸಿದ್ದರು. ಆತನದು ದಿನಕ್ಕೆ ಸರಾಸರಿ 34 ಸಲ. ಆ ಲೆಕ್ಕದಿಂದಲೇ ಹಾಲು ಮುಖ್ಯ ಕಾರಣವೆಂದು ಗೊತ್ತಾಯಿತು. ನಮ್ಮ ಶಿಕ್ಷಕಿ ತಂದ ನೋಟ್‌ಬುಕ್ಕನ್ನು ನಾನಿನ್ನೂ ಮರೆತಿಲ್ಲ. ಹಾಜರಿ ಪುಸ್ತಕದ ಮಾದರಿಯಲ್ಲಿ ಗೆರೆ ಎಳೆದು, ಎಡಕ್ಕೆ ಗಂಟೆ, ನಡುವೆ ತಿಂಡಿ ಊಟ, ಬಲಗಡೆ ಕೆಂಪು ಶಾಯಿಯಲ್ಲಿ ನಾಲ್ಕು ಕಡ್ಡಿ ನಿಲ್ಲಿಸಿ ಐದನೆಯದನ್ನು ಅಡ್ಡ ಹಾಕಿದ ಗುಂಪುಗಳು. ದಿನಕ್ಕೆ ಸರಾಸರಿ 31. ಕಡ್ಡಿಗಳು ಗುಂಪುಗುಂಪಾಗಿ ಬಿದ್ದಿದ್ದವು: ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು, ಮಧ್ಯಾಹ್ನ ಮೂರರಿಂದ ಐದು, ಮತ್ತೆ ರಾತ್ರಿ.

ನಾನು ಎಡವಿದ್ದು ಇಲ್ಲಿ. ಪುಸ್ತಕ ನೋಡಿದ ಕೂಡಲೇ ಕಣ್ಣಿಗೆ ಬಿದ್ದದ್ದು ಮೊಳಕೆಕಾಳು, ಹುರುಳಿ, ಅಲಸಂದೆ ಮತ್ತು ಹಾಲು. ಕಾಳುಗಳಲ್ಲಿರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲವೇ ಇಲ್ಲ. ಯಾರು ತಿಂದರೂ ಅವು ದೊಡ್ಡ ಕರುಳಿಗೇ ಹೋಗಬೇಕು. ಹಾಲಿನ ಲ್ಯಾಕ್ಟೋಸ್‌ನ ಕಥೆ ಬೇರೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಮಗುವಾಗಿದ್ದಾಗ ಎಲ್ಲರಿಗೂ ಇದ್ದು, ಬೆಳೆದ ಮೇಲೆ ಅನೇಕರಲ್ಲಿ ಇಳಿದುಹೋಗುತ್ತದೆ. 1981ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ದಕ್ಷಿಣದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಲ್ಯಾಕ್ಟೋಸ್ ಒಗ್ಗಿರಲಿಲ್ಲ, ಉತ್ತರದವರಲ್ಲಿ ಅಂಥವರು ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು. ಹೀಗೆ ಎರಡು ಸುಲಭದ ಆರೋಪಿಗಳು ಸಿಕ್ಕಿದ ಹುಮ್ಮಸ್ಸಿನಲ್ಲಿ, ಎರಡನ್ನೂ ಒಟ್ಟಿಗೆ ಬಿಡಿ ಎಂದು ಹೇಳಿ ಕಳಿಸಿದೆ. ಮಾತ್ರೆಗಳ ಬಗ್ಗೆ ಕೇಳಿದ್ದು ಒಂದೇ ಸಾಲು. "ಶುಗರ್ ಮಾತ್ರೆ ಮೇಡಂ, ಮೊದಲಿನದೇ" ಎಂದರು, ಬರೆದುಕೊಂಡು ಸುಮ್ಮನಾದೆ.

ಹದಿನೈದು ದಿನಗಳ ನಂತರ ಬಂದಾಗ ಲೆಕ್ಕ 31ರಿಂದ 23ಕ್ಕೆ ಇಳಿದಿತ್ತು. ಇಳಿದದ್ದು ನಿಜ, ಆದರೆ ಮಾಮೂಲಿಗೆ ಬಂದಿರಲಿಲ್ಲ, ಸಂಜೆಯ ಬಿಗಿತವೂ ಹೋಗಿರಲಿಲ್ಲ. ಅದಕ್ಕಿಂತ ಕೆಡುಕೆಂದರೆ, ಸಸ್ಯಾಹಾರಿಯೊಬ್ಬರಿಂದ ಕಾಳನ್ನೂ ಹಾಲನ್ನೂ ಕಿತ್ತುಕೊಂಡರೆ ತಟ್ಟೆಯಲ್ಲಿ ಉಳಿಯುವುದು ಮುದ್ದೆ, ಚಪಾತಿ, ಸೊಪ್ಪು. ಹೊಟ್ಟೆ ತುಂಬದೆ ಅವರು ಎರಡು ಚಪಾತಿ ಹೆಚ್ಚಿಗೆ ತಿನ್ನತೊಡಗಿದ್ದರು, ಊಟದ ನಂತರದ ಸಕ್ಕರೆ ಏರಿತ್ತು. ಯಾವುದನ್ನು ಬಿಟ್ಟಿದ್ದರಿಂದ ಎಷ್ಟು ಇಳಿಯಿತು ಎಂಬುದೂ, ಎರಡನ್ನೂ ಒಟ್ಟಿಗೆ ನಿಲ್ಲಿಸಿದ್ದರಿಂದ, ತಿಳಿಯುವಂತಿರಲಿಲ್ಲ. ಆಗ ಕೇಳಬೇಕೆನಿಸಿದ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು: ಇದು ಶುರುವಾದ ತಿಂಗಳಲ್ಲಿ ಹೊಸದಾಗಿ ಬಂದದ್ದೇನು? ಮೊಳಕೆಕಾಳು ಮೂರು ವರ್ಷದಿಂದ ತಿನ್ನುತ್ತಿದ್ದರು. ಹಾಲು ಹುಟ್ಟಿದಾಗಿನಿಂದ ಕುಡಿಯುತ್ತಿದ್ದರು. ತೊಂದರೆಗೆ ಮಾತ್ರ 14 ತಿಂಗಳು.

ಮುಂದಿನ ಭೇಟಿಗೆ ಮನೆಯಲ್ಲಿರುವ ಮಾತ್ರೆ ಚೀಟಿಗಳನ್ನೆಲ್ಲ ತರಲು ಹೇಳಿದೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲವನ್ನೂ ತುಂಬಿಕೊಂಡು ಬಂದರು. ಮೇಜಿನ ಮೇಲೆ ಸುರಿದು ಒಂದೊಂದೇ ಪಟ್ಟಿಯನ್ನು ತಿರುಗಿಸಿ ನೋಡಿದಾಗ, ಅವರು "ಮೊದಲಿನದೇ, ಬಣ್ಣ ಮಾತ್ರ ಬೇರೆ" ಎಂದ ಸಕ್ಕರೆ ಮಾತ್ರೆಯ ಬೆಳ್ಳಿ ಹಾಳೆಯ ಹಿಂದೆ ಸಾಸಿವೆ ಗಾತ್ರದ ಅಕ್ಷರಗಳಲ್ಲಿ ಮೂರು ಹೆಸರುಗಳಿದ್ದವು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಅವುಗಳ ಕೆಳಗೆ ವೊಗ್ಲಿಬೋಸ್ 0.2 ಮಿಲಿಗ್ರಾಂ. ಮೊದಲ ಎರಡು ಆರು ವರ್ಷದಿಂದ ಇದ್ದವು. ಹಳೆಯ ಚೀಟಿಯ ತಾರೀಖು ಹೊಂದಿಸಿ ನೋಡಿದರೆ ಮೂರನೆಯದು ಸೇರಿ ಹದಿನಾಲ್ಕೂವರೆ ತಿಂಗಳಾಗಿತ್ತು.

ವೊಗ್ಲಿಬೋಸ್ ಜಪಾನಿನಲ್ಲಿ ಹುಟ್ಟಿ 1994ರಲ್ಲಿ ಬಳಕೆಗೆ ಬಂದ ಔಷಧ. ಪಿಷ್ಟ ಮತ್ತು ಸಕ್ಕರೆಯನ್ನು ಕೊನೆಯ ಹಂತದಲ್ಲಿ ಗ್ಲೂಕೋಸ್ ಆಗಿ ಒಡೆಯುವ ಕಿಣ್ವಗಳು ಸಣ್ಣ ಕರುಳಿನ ಒಳಗೋಡೆಯಲ್ಲಿರುತ್ತವೆ. ಈ ಮಾತ್ರೆ ಅವುಗಳ ಕೈ ಹಿಡಿದು ನಿಧಾನಿಸುತ್ತದೆ. ಉಂಡ ಕೂಡಲೇ ಸಕ್ಕರೆ ನೆತ್ತಿಗೇರುವುದನ್ನು ತಡೆಯಲು ಇದು ತಕ್ಕ ದಾರಿಯೇ. ಊಟದ ನಂತರದ ಸಕ್ಕರೆ ಹೆಚ್ಚಿದೆಯೆಂದು ಅದನ್ನು ಬರೆದ ವೈದ್ಯರು ತಪ್ಪು ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ. ಆದರೆ ನಿಧಾನವಾದ ಪಿಷ್ಟದಲ್ಲಿ ಒಂದಿಷ್ಟು ಒಡೆಯದೆಯೇ ದೊಡ್ಡ ಕರುಳು ಸೇರುತ್ತದೆ, ಅಲ್ಲಿ ಹುಳಿಯುತ್ತದೆ. ಹೊಟ್ಟೆ ಉಬ್ಬರ, ಗಾಳಿ, ಕೆಲವೊಮ್ಮೆ ಭೇದಿ ಈ ವರ್ಗದ ಔಷಧಗಳ ಅತಿ ಸಾಮಾನ್ಯ ಅಡ್ಡಪರಿಣಾಮ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಅದು ತಾನಾಗಿ ತಗ್ಗುತ್ತದೆ. ಇವರಲ್ಲಿ ತಗ್ಗದಿರಲು ಕಾರಣ, ನನ್ನ ಅಂದಾಜಿನಲ್ಲಿ, ಅದೇ ದೊಡ್ಡ ಕರುಳಿಗೆ ಹಾಲು, ಕಾಳು, ಈರುಳ್ಳಿ, ಚಪಾತಿಯ ಗೋಧಿ ಎಲ್ಲವೂ ಒಟ್ಟಿಗೆ ಹೋಗಿ ಬೀಳುತ್ತಿದ್ದದ್ದು. ಮೊದಲು ಅರಗಿಸಿಕೊಂಡು ಹೋಗುತ್ತಿದ್ದ ಭಾರದ ಮೇಲೆ ಈ ಮಾತ್ರೆ ಕೊನೆಯ ಮೂಟೆಯಾಗಿ ಬಂದಿತ್ತು.

ಚೀಲದಲ್ಲಿ ಇನ್ನೆರಡು ಸಂಗತಿಗಳು ಸಿಕ್ಕವು. ಊಟದ ನಂತರದ ಸಿರಪ್ಪಿನಲ್ಲಿ ಪಿಷ್ಟ ಒಡೆಯುವ ಡಯಾಸ್ಟೇಸ್ ಇತ್ತು. ಒಂದು ಮಾತ್ರೆ ಪಿಷ್ಟ ಒಡೆಯುವುದನ್ನು ತಡೆಯಲು, ಒಂದು ಸಿರಪ್ ಅದೇ ಪಿಷ್ಟವನ್ನು ಒಡೆಯಲು. ಇಂಥ ಕಿಣ್ವಗಳನ್ನು ಈ ವರ್ಗದ ಮಾತ್ರೆಗಳ ಜೊತೆ ಸೇವಿಸಬಾರದೆಂಬ ಸೂಚನೆಯೇ ಇದೆ. ಸಕ್ಕರೆ ಇಲ್ಲದ ಬಿಸ್ಕತ್ತಿನ ಪೊಟ್ಟಣದಲ್ಲಿ ಮಾಲ್ಟಿಟಾಲ್ ಎಂದು ಬರೆದಿತ್ತು. ಅದೂ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುವ ಸಿಹಿಯೇ, ದಿನಕ್ಕೆ ಆರು ಬಿಸ್ಕತ್ತು ಸಣ್ಣ ಪ್ರಮಾಣವಲ್ಲ. ಸಂದರ್ಭ ಬಂದಿದ್ದರಿಂದ ಮತ್ತೊಂದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ರೋಗಿಗಳಿಗೆ ಹೇಳುವವರು ಕಡಿಮೆ. ವೊಗ್ಲಿಬೋಸ್ ಇರುವ ಮಿಶ್ರ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿದು ಬೆವರು, ನಡುಕ ಬಂದಾಗ ಸಕ್ಕರೆ ಅಥವಾ ಬೆಲ್ಲ ಕೊಟ್ಟರೆ ಅದು ಬೇಗ ಕೆಲಸ ಮಾಡುವುದಿಲ್ಲ, ಅದನ್ನು ಒಡೆಯುವ ಕಿಣ್ವವನ್ನೇ ಮಾತ್ರೆ ಕಟ್ಟಿಹಾಕಿರುತ್ತದೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು.

ಮಾತ್ರೆ ಬದಲಿಸುವುದು ನನ್ನ ಕೆಲಸವಲ್ಲ. ನಮ್ಮ ವೈದ್ಯರು ಅವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 7.1 ಇರುವುದನ್ನು ನೋಡಿ ವೊಗ್ಲಿಬೋಸ್ ಬಿಟ್ಟ ಹಳೆಯ ಮಿಶ್ರಣಕ್ಕೆ ಮರಳಿಸಿ, ಜೊತೆಗೆ ಸಿಟಾಗ್ಲಿಪ್ಟಿನ್ ಎಂಬ ಬೇರೆ ಬಗೆಯ ಸಕ್ಕರೆ ಮಾತ್ರೆ ಸೇರಿಸಿದರು. ಈ ಸಲ ನಾನು ಬೇರೇನನ್ನೂ ಬದಲಿಸಲಿಲ್ಲ. ಆರನೆಯ ದಿನ ಕೆಂಪು ಕಡ್ಡಿಗಳು 15ಕ್ಕೆ ಇಳಿದಿದ್ದವು. ಬಿಸ್ಕತ್ತು ಬಿಟ್ಟ ಮೇಲೆ 12. ಸೀರೆಯ ಗಂಟು ಸಂಜೆಯೂ ಹಾಗೇ ನಿಂತಿತು. ತರಗತಿ ಮರದ ಕೆಳಗಿನಿಂದ ಒಳಗೆ ಬಂತೇ ಎಂದು ಕೇಳಿದೆ; "ಬಂತು ಮೇಡಂ, ಮಕ್ಕಳಿಗೇ ಬೇಜಾರು" ಎಂದರು.

ಆಮೇಲಿನದು ಬಿಟ್ಟದ್ದನ್ನು ಒಂದೊಂದಾಗಿ ಮರಳಿ ತರುವ ಕೆಲಸ. ಹಾಲನ್ನು ಪರೀಕ್ಷಿಸಲು ಉಸಿರಿನ ಜಲಜನಕ ಅಳೆಯುವ ವಿಧಾನವಿದೆ, ಅದು ನಮ್ಮಲ್ಲಿ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ 300 ಮಿ.ಲೀ. ಹಾಲು ಕುಡಿದು ಏನಾಗುತ್ತದೆಂದು ಬರೆಯಿರಿ ಎಂದೆ. ಎರಡು ಗಂಟೆಯೊಳಗೆ ಹೊಟ್ಟೆಯಲ್ಲಿ ಗುಡುಗುಡು, ಮಧ್ಯಾಹ್ನದೊಳಗೆ 9 ಕಡ್ಡಿ. ಮೊದಲು ಕುಡಿಯುತ್ತಿದ್ದದ್ದು ದಿನಕ್ಕೆ ಅರ್ಧ ಲೀಟರಿನಷ್ಟು, ಅಂದರೆ 23–24 ಗ್ರಾಂ ಲ್ಯಾಕ್ಟೋಸ್. ಒಮ್ಮೆಗೆ 12 ಗ್ರಾಂವರೆಗೆ ಹೆಚ್ಚಿನವರು ತಾಳಿಕೊಳ್ಳುತ್ತಾರೆ, ಅದರಲ್ಲೂ ಊಟದ ಜೊತೆಗಾದರೆ. ಆದ್ದರಿಂದ ಎರಡು ಕಾಫಿಯ ಹಾಲು ಉಳಿಸಿ, ರಾತ್ರಿಯ ಲೋಟ ಮತ್ತು ಬೆಳಗಿನ ಹಾಲಿನ ಮಾಲ್ಟ್ ನಿಲ್ಲಿಸಿ, ಮಾಲ್ಟನ್ನು ಮಜ್ಜಿಗೆಯಲ್ಲಿ ಕಲಸಲು ಹೇಳಿದೆ. ಮೊಸರು ಮಜ್ಜಿಗೆ ಅವರಿಗೆ ತೊಂದರೆ ಕೊಡಲಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾಗಳೇ ಲ್ಯಾಕ್ಟೋಸ್‌ನ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ, ಉಳಿದದ್ದನ್ನು ಕರುಳಿನಲ್ಲಿ ಒಡೆಯಲೂ ನೆರವಾಗುತ್ತವೆ. ಶಾಲೆಯಲ್ಲಿ ಬೇರೊಂದು ತೊಡಕಿತ್ತು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಮಕ್ಕಳಿಗೆ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು ಕೊಡುತ್ತಾರೆ, ಮಕ್ಕಳಿಗೆ ಬಡಿಸುವ ಮೊದಲು ಇವರೇ ರುಚಿ ನೋಡುತ್ತಿದ್ದರು. ರುಚಿಗೆಂದು ಶುರುವಾದದ್ದು ಒಂದು ಲೋಟವಾಗಿತ್ತು, ಸುಮಾರು 7 ಗ್ರಾಂ ಲ್ಯಾಕ್ಟೋಸ್. ಎರಡು ಗುಟುಕಿಗೆ ನಿಲ್ಲಿಸಿದರು.

ಕಾಳುಗಳ ವಿಷಯದಲ್ಲಿ ಅವರಿಗೇ ಚೆನ್ನಾಗಿ ಗೊತ್ತಿದ್ದ ಅಡುಗೆಯನ್ನು ಮತ್ತೊಮ್ಮೆ ಕೂತು ಮಾತಾಡಿದೆವು. ಗಾಳಿ ಮಾಡುವ ಆ ಸಕ್ಕರೆಗಳು ನೀರಿನಲ್ಲಿ ಕರಗುವಂಥವು. ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಒಂದು ಪಾಲು ಹೋಗುತ್ತದೆ. ಮೊಳಕೆ ಬಂದರೆ ಕಾಳು ಚಿಗುರಲು ಅವನ್ನೇ ಖರ್ಚು ಮಾಡುವುದರಿಂದ ಇನ್ನಷ್ಟು ತಗ್ಗುತ್ತದೆ. ಹಾಗಾಗಿ ಮೊಳಕೆಕಾಳನ್ನು ದೂರಿದ್ದು ಪೂರ್ತಿ ನ್ಯಾಯವಾಗಿರಲಿಲ್ಲ. ಹಸಿಯಾಗಿ, ಒಂದೇ ಸಲ ದೊಡ್ಡ ಬಟ್ಟಲು, ಮೇಲೆ ಹಸಿ ಈರುಳ್ಳಿ ಎಂಬುದೇ ಹೆಚ್ಚಾಗಿತ್ತು, ಈರುಳ್ಳಿಯಲ್ಲಿರುವ ಫ್ರಕ್ಟಾನ್ ಎಂಬ ನಾರಿನಂಥ ಸಕ್ಕರೆ ಕೂಡ ನಮ್ಮಿಂದ ಜೀರ್ಣವಾಗುವುದಿಲ್ಲ. ಬಟ್ಟಲು ಸಣ್ಣದಾಯಿತು, ಕಾಳು ಬೇಯತೊಡಗಿತು, ಈರುಳ್ಳಿಯ ಜಾಗಕ್ಕೆ ಸೌತೆಕಾಯಿ ಬಂತು. ಬಸ್ಸಾರಿನ ಬಗ್ಗೆ ಅವರೇ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟಿನಿಂದಲೇ ಸಾರು ಮಾಡುವುದಲ್ಲವೇ, ಹಾಗಿದ್ದರೆ ಗಾಳಿ ಪಲ್ಯದಲ್ಲಿದೆಯೋ ಸಾರಿನಲ್ಲಿದೆಯೋ? ಕರಗಿದ ಪಾಲು ಕಟ್ಟಿಗೆ ಹೋಗಿರುತ್ತದೆ, ಸಾರು ಕಡಿಮೆ ಸುರಿದುಕೊಂಡು ಪಲ್ಯ ಹೆಚ್ಚು ತಿನ್ನಿ ಎಂದೆ. ಕಟ್ಟಿಲ್ಲದ ಬಸ್ಸಾರು ಬಸ್ಸಾರೇ ಅಲ್ಲವೆಂದು ಅವರ ಅಭಿಪ್ರಾಯ, ನನಗೂ ಅದರಲ್ಲಿ ತಕರಾರಿಲ್ಲ. ಇಂಗು, ಓಂಕಾಳು, ಜೀರಿಗೆಗಳನ್ನು ಬಿಡಲು ಹೇಳಲಿಲ್ಲ. ಅವು ಹೊಟ್ಟೆಗೆ ಹಿತವೆನಿಸಬಹುದು. ಆದರೆ ದೊಡ್ಡ ಕರುಳಿಗೆ ಬಂದು ಬಿದ್ದ ಸಕ್ಕರೆಯನ್ನು ಅವು ಮಾಯ ಮಾಡುವುದಿಲ್ಲ.

ಪ್ಯಾಂಟೊಪ್ರಜೋಲ್ ನಿಲ್ಲಿಸುವುದು ನಾವಂದುಕೊಂಡಷ್ಟು ಸಲೀಸಾಗಲಿಲ್ಲ. ಒಮ್ಮೆಗೇ ಬಿಟ್ಟಾಗ ನಾಲ್ಕನೆಯ ದಿನ ಜೋರು ಎದೆಯುರಿ ಬಂದು, "ನೋಡಿ ಮೇಡಂ, ಗ್ಯಾಸ್ಟ್ರಿಕ್ ಇತ್ತು ಅಂದೆನಲ್ಲ" ಎಂದು ಫೋನ್ ಮಾಡಿದರು. ದೀರ್ಘ ಕಾಲ ತಡೆದಿಟ್ಟ ಆಮ್ಲ ಮಾತ್ರೆ ನಿಂತಾಗ ಕೆಲ ದಿನ ಮೊದಲಿಗಿಂತ ಹೆಚ್ಚು ಉಕ್ಕುವುದು ಗೊತ್ತಿರುವ ಸಂಗತಿ. ವೈದ್ಯರು ದಿನ ಬಿಟ್ಟು ದಿನ, ಆಮೇಲೆ ಬೇಕೆನಿಸಿದಾಗ ಮಾತ್ರ ಎಂದು ಆರು ವಾರದಲ್ಲಿ ಇಳಿಸಿದರು. ಮೆಟ್‌ಫಾರ್ಮಿನ್ ಮತ್ತು ಈ ಆಮ್ಲದ ಮಾತ್ರೆ ಎರಡೂ ಬಿ12 ಜೀವಸತ್ವವನ್ನು ಇಳಿಸಬಲ್ಲವು, ಸಸ್ಯಾಹಾರಿಯಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ ಎಂಬ ಲೆಕ್ಕದಲ್ಲಿ ಅದನ್ನೂ ಪರೀಕ್ಷಿಸಲಾಯಿತು. ಕಡಿಮೆ ಇತ್ತು, ಚುಚ್ಚುಮದ್ದು ಕೊಡಲಾಯಿತು. ಅಂಗಾಲು ಜುಮ್ಮೆನ್ನುತ್ತಿದ್ದದ್ದನ್ನು ಅವರು ನಮಗೆ ಹೇಳಿಯೇ ಇರಲಿಲ್ಲ, ಅದನ್ನೂ ಗ್ಯಾಸ್ಟ್ರಿಕ್ ಲೆಕ್ಕಕ್ಕೇ ಹಾಕಿಕೊಂಡಿದ್ದರು.

ಕೊನೆಯ ಸಲ ಬಂದದ್ದು ಜನವರಿಯಲ್ಲಿ, ಅವರೆಕಾಯಿಯ ಕಾಲ. ಎಚ್‌ಬಿಎ1ಸಿ 7.0. ನೋಟ್‌ಬುಕ್ಕನ್ನು ನಾನು ಕೇಳದಿದ್ದರೂ ತಂದಿದ್ದರು. ಸರಾಸರಿ 13ರ ಆಸುಪಾಸಿನಲ್ಲಿ ಓಡುತ್ತಿದ್ದ ಕಡ್ಡಿಗಳು ಸಂಕ್ರಾಂತಿಯ ಮರುದಿನ ಇದ್ದಕ್ಕಿದ್ದಂತೆ 24ಕ್ಕೆ ಏರಿದ್ದವು. ಹಿತಕಿದರೆ ಗ್ಯಾಸ್ ಆಗುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿದೆ. ಸಿಪ್ಪೆಯ ಜೊತೆ ಹೋಗುವುದು ನಾರು, ಆ ಸಕ್ಕರೆಗಳು ಹೆಚ್ಚಾಗಿ ಬೇಳೆಯೊಳಗೇ ಇರುತ್ತವೆ ಎಂದು ಹಿಂದಿನ ಸಲವೇ ವಿವರಿಸಿದ್ದೆ. ಏನಾಯಿತೆಂದು ಕೇಳುವ ಮೊದಲೇ ಅವರ ಬೆರಳು ಆ ದಿನದ ಅಂಚಿನ ಮೇಲಿತ್ತು. ಅಲ್ಲಿ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿದ್ದರು: "ಹಿತಕಿದ ಬೇಳೆ ಸಾರು. ಎರಡು ಸಲ ಬಡಿಸಿಕೊಂಡೆ. ಗೊತ್ತಿದ್ದೇ."